ಇಂಗ್ಲಿಷ್ ಮದ್ದು ಯಾರದು?

ಕೇಳುಗರಿಗೆ ನಮಸ್ಕಾರ.

ಆಸ್ಪತ್ರೆಯಲ್ಲಿ ಕೊಡುವ ಔಷಧಿಗೆ ಕನ್ನಡದ ಹಿರಿಯರು ಇಟ್ಟ ಹೆಸರು ಇಂಗ್ಲಿಷ್ ಮದ್ದು. ಸ್ವಲ್ಪ ಓದಿಕೊಂಡವರು ಅಲೋಪತಿ ಎನ್ನುತ್ತಾರೆ. ಎರಡೂ ಬೇರೆಯವರು ಇಟ್ಟ ಹೆಸರುಗಳೇ. ಅಲೋಪತಿ ಎಂಬ ಪದ ಹುಟ್ಟಿಸಿದ್ದು ಹೋಮಿಯೋಪತಿ ಶುರು ಮಾಡಿದ ಜರ್ಮನಿಯ ಹಾನಿಮನ್. ತನಗೆ ಸೇರದ ವೈದ್ಯರನ್ನು ಹೀಗಳೆಯಲು ಹುಟ್ಟಿಸಿದ್ದು. ಬೈಗುಳವೇ ಕೊನೆಗೆ ಹೆಸರಾಗಿ ಕೂತಿತು ನೋಡಿ.

ಈ ವೈದ್ಯ ನಿಜಕ್ಕೂ ಪಶ್ಚಿಮದವರದಾ, ಇಲ್ಲಾ ಎಲ್ಲರದಾ? ಇದಕ್ಕೆ ಉತ್ತರ ಹುಡುಕುವ ಮೊದಲು ಪಶ್ಚಿಮದವರ ಸ್ವಂತ ವೈದ್ಯ ಹೇಗಿತ್ತು ಅಂತ ನೋಡೋಣ.

1799ರ ಡಿಸೆಂಬರ್ 14. ಅಮೆರಿಕದ ಮೊದಲ ಅಧ್ಯಕ್ಷರಾಗಿದ್ದ ಜಾರ್ಜ್ ವಾಷಿಂಗ್ಟನ್ ಅವರಿಗೆ ಬೆಳಗಿನ ಜಾವ ಗಂಟಲು ಕಟ್ಟಿತು. ಉಸಿರಾಡುವುದೇ ಕಷ್ಟವಾಯಿತು. ಡಾಕ್ಟರು ಬರುವವರೆಗೂ ಅವರು ಕಾಯಲಿಲ್ಲ. ತೋಟದ ಮೇಲ್ವಿಚಾರಕನನ್ನು ಕರೆಸಿ, ತೋಳಿನಿಂದ ರಕ್ತ ತೆಗೆ ಎಂದರು. ಅವನು ಅಳುಕಿದ. ಹೆದರಬೇಡ ಅಂತ ಇವರೇ ಧೈರ್ಯ ಹೇಳಿದರು. ಹೆಂಡತಿ ಮಾರ್ಥಾ ಮಾತ್ರ ಜಾಸ್ತಿ ತೆಗೆಯಬೇಡಿ ಎಂದು ಬೇಡಿಕೊಂಡರು. ಆಮೇಲೆ ಮೂವರು ಡಾಕ್ಟರು ಬಂದರು. ಮತ್ತೆ ಮತ್ತೆ ರಕ್ತ ತೆಗೆದರು. ಎಲ್ಲ ಸೇರಿ ಎರಡು ಲೀಟರಿಗೂ ಮೇಲೆ ಅಂತ ಅಂದಾಜು. ಅದೇ ರಾತ್ರಿ ವಾಷಿಂಗ್ಟನ್ ತೀರಿಕೊಂಡರು.

ಆ ಡಾಕ್ಟರುಗಳು ಪೆದ್ದರೇನಲ್ಲ. ಅವರು ಕಲಿತಿದ್ದೇ ಹಾಗೆ. ಮೈಯಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ರಸ. ಅವು ಏರುಪೇರಾದರೆ ಕಾಯಿಲೆ. ಗ್ರೀಕರ ಕಾಲದಿಂದ ಬಂದ ಮಾತು ಇದು. ಅರಬ್ಬಿಯಲ್ಲಿ ಬರೆದ ಇಬ್ನ್ ಸಿನಾ ಎಂಬ ವೈದ್ಯರ ಗ್ರಂಥದ ಮೂಲಕವೂ ಯೂರೋಪಿನ ವಿದ್ಯಾರ್ಥಿಗಳು ಇದನ್ನೇ ಓದಿದರು. ವಾತ, ಪಿತ್ತ, ಕಫಕ್ಕೂ ಇದಕ್ಕೂ ಏನೋ ನೆಂಟಸ್ತಿಕೆ ಇದ್ದಂತೆ ಕೇಳಿಸುತ್ತದೆ, ಅಲ್ವಾ?

ಇದರ ಬುಡ ಅಲುಗಾಡಿಸಿದ್ದು ಲೆಕ್ಕ. ಬರೀ ಲೆಕ್ಕ. 1830ರ ದಶಕದಲ್ಲಿ ಪ್ಯಾರಿಸ್ಸಿನ ಪಿಯರ್ ಲೂಯಿ ಎಂಬ ವೈದ್ಯರು ನ್ಯುಮೋನಿಯಾ ರೋಗಿಗಳನ್ನು ಎಣಿಸುತ್ತಾ ಕೂತರು. ಬೇಗ ರಕ್ತ ತೆಗೆಸಿಕೊಂಡವರು ಎಷ್ಟು ಜನ, ತಡವಾಗಿ ತೆಗೆಸಿಕೊಂಡವರು ಎಷ್ಟು, ಉಳಿದವರು ಎಷ್ಟು, ಸತ್ತವರು ಎಷ್ಟು. ರಕ್ತ ತೆಗೆದಿದ್ದರಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಜೊತೆಯ ವೈದ್ಯರಿಗೆ ಇದು ಹಿಡಿಸಲಿಲ್ಲ. ಮನುಷ್ಯರೇನು ಎಣಿಸುವ ಸಾಮಾನಾ ಅಂತ ಅವರ ಸಿಟ್ಟು. ಆ ಪದ್ಧತಿ ಸಾಯಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಅಂದರೆ ಆಧುನಿಕ ವೈದ್ಯ ಮೊದಲು ಜಗಳ ಆಡಿದ್ದು ಪಶ್ಚಿಮದ ಪರಂಪರೆಯ ಜೊತೆಗೇ. ಇದನ್ನು ನಾವು ಮರೆಯುತ್ತೇವೆ. ಅದು ಯೂರೋಪಿನ ಅಜ್ಜಿಯ ಮನೆಮದ್ದು ಅನ್ನುವ ಹಾಗೆ ಮಾತಾಡುತ್ತೇವೆ.

ಈಗ ಸಿಡುಬಿನ ವಿಷಯಕ್ಕೆ ಬನ್ನಿ. 1721ರಲ್ಲಿ ಅಮೆರಿಕದ ಬಾಸ್ಟನ್ನಿಗೆ ಸಿಡುಬು ಬಂತು. ಆ ಊರಿನ ಪಾದ್ರಿ ಕಾಟನ್ ಮೇದರ್ ಮನೆಯಲ್ಲಿ ಒನೆಸಿಮಸ್ ಎಂಬ ಆಫ್ರಿಕಾದ ಗುಲಾಮ ಇದ್ದ. ಸಿಡುಬಿನ ಗುಳ್ಳೆಯ ಕೀವನ್ನು ಚರ್ಮಕ್ಕೆ ಗೀರು ಹಾಕಿ ಸವರಿದರೆ ಕಾಯಿಲೆ ಹಗುರಾಗಿ ಬಂದು ಹೋಗುತ್ತದೆ, ನಮ್ಮಲ್ಲಿ ಹಾಗೆ ಮಾಡುತ್ತಾರೆ ಅಂತ ಆತ ಮೊದಲೇ ಹೇಳಿದ್ದ. ತುರ್ಕಿಯಲ್ಲಿ, ಚೀನಾದಲ್ಲಿ, ಭಾರತದಲ್ಲಿ ಕೂಡ ಇಂಥ ರೂಢಿ ಇತ್ತು. ಬಾಸ್ಟನ್ನಿನವರು ಗುಲಾಮನ ಮಾತಾ ಅಂತ ಮೂಗು ಮುರಿದರು. ಯಾರೋ ಪಾದ್ರಿಯ ಮನೆಗೆ ಬಾಂಬನ್ನೂ ಎಸೆದರು. ಆದರೂ ಒಬ್ಬ ವೈದ್ಯರು ಮಾಡಿ ನೋಡಿದರು. ಕೊನೆಗೆ ಲೆಕ್ಕ ಹಾಕಿದಾಗ, ಗೀರು ಹಾಕಿಸಿಕೊಂಡ ಸುಮಾರು 240 ಜನರಲ್ಲಿ ಸತ್ತವರು 6. ತಾನಾಗಿ ಸಿಡುಬು ಬಂದ ಸುಮಾರು 6,000 ಜನರಲ್ಲಿ ಸತ್ತವರು 800ಕ್ಕೂ ಜಾಸ್ತಿ.

ಆ ಚಿಕಿತ್ಸೆ ಆಫ್ರಿಕಾದ್ದು. ಎಣಿಸಿದ್ದು ಬಾಸ್ಟನ್ನಿನಲ್ಲಿ. ಆ ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಕೂಡಿ ಕಳೆದು ನೋಡಬಹುದು. ಇದನ್ನೇ ನಾನು ಎಲ್ಲರದು ಅನ್ನುವುದು.

ಚೀನಾದ ವಿಜ್ಞಾನಿ ತೂ ಯೂಯೂ ಅವರದೂ ಇದೇ ಥರದ ಕತೆ. ಮಲೇರಿಯಾಕ್ಕೆ ಒಂದು ಗಿಡ ಒಳ್ಳೆಯದು ಅಂತ ನಾಲ್ಕನೇ ಶತಮಾನದ ಚೀನೀ ಪುಸ್ತಕದಲ್ಲಿತ್ತು. ನೀರಲ್ಲಿ ನೆನೆಸಿ ಹಿಂಡಿ ಕುಡಿ ಅಂದಿತ್ತು, ಕುದಿಸು ಅಂದಿರಲಿಲ್ಲ. ಬಿಸಿಗೆ ಸತ್ವ ಕೆಡುತ್ತದೇನೋ ಅಂತ ತೂ ಅವರಿಗೆ ಹೊಳೆದದ್ದು ಅಲ್ಲಿಂದ. ಈಥರ್ ಎಂಬ ದ್ರಾವಕ ಬಳಸಿ ಕಡಿಮೆ ಶಾಖದಲ್ಲಿ ಸತ್ವ ತೆಗೆದರು, ಮೊದಲು ತಾವೇ ಕುಡಿದು ನೋಡಿದರು. 2015ರಲ್ಲಿ ನೊಬೆಲ್ ಬಂತು. ಆ ಪುಸ್ತಕದಲ್ಲಿ ಇನ್ನೂ ಎಷ್ಟೋ ಮದ್ದುಗಳಿವೆ. ಹಳೆಯದು ಅಂದ ಮಾತ್ರಕ್ಕೆ ಅವೆಲ್ಲ ಮಾತ್ರೆಯಾಗಲಿಲ್ಲ.

ಹಾಗಾದರೆ ಸಂಸ್ಕೃತಿಗೆ ಇಲ್ಲಿ ಜಾಗವೇ ಇಲ್ವಾ? ಇದೆ. ಬೇಕಾದಷ್ಟಿದೆ. ಅದು ಇರುವುದು ಮಾತ್ರೆಯೊಳಗಲ್ಲ, ಡಾಕ್ಟರ ಬಾಯಲ್ಲಿ.

ನಿಮಗೆ ಕ್ಯಾನ್ಸರ್ ಇದೆ ಅಂತ ರೋಗಿಗೆ ನೇರವಾಗಿ ಹೇಳುವುದನ್ನು ಪಶ್ಚಿಮದ ಪದ್ಧತಿ ಅನ್ನುತ್ತಾರೆ. 1961ರಲ್ಲಿ ಅಮೆರಿಕದ ಡಾಕ್ಟರುಗಳನ್ನೇ ಒಂದು ಸಮೀಕ್ಷೆ ಕೇಳಿತು. ಹೇಳದಿರುವುದೇ ವಾಸಿ ಅಂದವರು ನೂರಕ್ಕೆ 90. 1979ರಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿದರು. ಹೇಳುತ್ತೇವೆ ಅಂದವರು ನೂರಕ್ಕೆ 97. ಹದಿನೆಂಟು ವರ್ಷದಲ್ಲಿ ಗೆಡ್ಡೆ ಬದಲಾಗಲಿಲ್ಲ, ಅದೇ ಗೆಡ್ಡೆ. ಜನ ಬದಲಾದರು. ಹಾಗಾಗಿ ಬೇರೆ ದೇಶದ ಮಗನೊಬ್ಬ ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ ಅಂದರೆ, ಅವನನ್ನು ಹಿಂದುಳಿದವನು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಪ್ಪನಿಗೆ ತಿಳಿಯುವ ಹಕ್ಕಿದೆ ಅಂತಲೇ ನನ್ನ ವಾದ. ಆದರೆ ಅದು ವಾದ. ಸೂಕ್ಷ್ಮದರ್ಶಕದಲ್ಲಿ ಕಾಣುವ ಸಂಗತಿ ಅಲ್ಲ.

ಜಪಾನಿನಲ್ಲಿ 1968ರಲ್ಲೇ ಹೃದಯ ಕಸಿ ಮಾಡಿದ್ದರು. ಆ ಪ್ರಕರಣ ದೊಡ್ಡ ವಿವಾದವಾಯಿತು. ಮೆದುಳು ಸತ್ತು ಎದೆ ಬಡಿಯುತ್ತಿರುವವರಿಂದ ಅಂಗ ತೆಗೆಯಲು ಕಾನೂನು ಒಪ್ಪಿದ್ದು 1997ರಲ್ಲಿ. ಅವರ ಡಾಕ್ಟರಿಗೇನು ತಿಳಿವಳಿಕೆ ಕಡಿಮೆ ಇತ್ತಾ? ಸಾವು ಯಾವಾಗ ಅನ್ನುವ ಪ್ರಶ್ನೆಗೆ ಯಂತ್ರದ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಅಷ್ಟೇ.

ಕೆಲವೊಮ್ಮೆ ಸಂಸ್ಕೃತಿ ಯಂತ್ರದೊಳಗೂ ನುಸುಳುತ್ತದೆ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಆಕ್ಸಿಮೀಟರ್ ಗೊತ್ತಲ್ಲ? ಅದು ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಅಳೆಯುತ್ತದೆ. ಕಪ್ಪು ಚರ್ಮದಲ್ಲಿ ಅದರ ಲೆಕ್ಕ ತಪ್ಪಬಹುದು. ಅಮೆರಿಕದಲ್ಲಿ 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಆಮ್ಲಜನಕ ಕಡಿಮೆಯಾಗಿದ್ದರೂ ಯಂತ್ರ ಎಲ್ಲ ಸರಿಯಿದೆ ಅಂತ ತೋರಿಸಿದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಇದು ಗೊತ್ತಾಗಿದ್ದು ಹೇಗೆ? ರೋಗಿಗಳಿಂದ ರಕ್ತ ತೆಗೆದು ಪರೀಕ್ಷಿಸಿದ ಅಂಕಿಯನ್ನು ಯಂತ್ರದ ಅಂಕಿಯ ಪಕ್ಕದಲ್ಲಿಟ್ಟು ನೋಡಿದರು. ವಾಷಿಂಗ್ಟನ್ ಅವರಿಂದ ತೆಗೆದಷ್ಟು ರಕ್ತ ಇದಕ್ಕೆ ಬೇಕಾಗಲಿಲ್ಲ. ಒಂದೆರಡು ಮಿಲಿಲೀಟರ್ ಸಾಕಾಯಿತು.

ನಮಸ್ಕಾರ.