ಬಿಲ್ಲಿಗೆ ಪಿನ್ ಎಷ್ಟಿರಬೇಕು? ಐದೋ, ಒಂದೋ?

ಎಲ್ಲಾರಿಗೂ ನಮಸ್ಕಾರ್ರಿ. ಬಾಣ ಬಿಡೋ ಬಿಲ್ಲಿನ ಮ್ಯಾಲೆ ಗುರಿ ಹಿಡಿಯಾಕ ಸೈಟ್ ಅಂತ ಇರ್ತತಿ, ಅದರಾಗಿನ ತುದಿಗೆ ಚುಕ್ಕಿ ಇರೋ ಕಡ್ಡೀನ ಪಿನ್. ನಾ ಈಗ ಬಳ್ಳಾರಿ ಊರ ಹೊರಗ ಒಂದು ಖಾಲಿ ಹೊಲದಾಗ ನಿಂತೀನಿ, ಹಿಂದ ಕಾಣೋದು ನಮ್ಮ ಟಾರ್ಗೆಟ್, ಅದರಾಚೆ ಪೂರ್ತಿ ಬಳ್ಳಾರಿ ಜಾಲಿ. ಆ ಜಾಲಿಯಾಗ ನನ್ನ ಎರಡು ಬಾಣ ಇನ್ನೂ ಅದಾವ.

ಏನಾತಂದ್ರ, ನಾ ಮೊದಲು ಒಂದು ಸೆಕೆಂಡ್ ಹ್ಯಾಂಡ್ ಐದು ಪಿನ್ನಿನ ಸೈಟ್ ತಗಂಡೆ, ಐದು ಅಂದ್ರ ಭಾಳ ಚಲೋ ಇರ್ತತಿ ಅಂತ. ಮೇಲಿನ ಪಿನ್ ಹತ್ರದ ದೂರಕ್ಕ, ಕೆಳಗಿಂದು ದೂರಕ್ಕ. ಹಳೇ ಮಾಲಕ ಗಜದ ಲೆಕ್ಕದಾಗ 20, 30, 40, 50, 60 ಅಂತ ಸೆಟ್ ಮಾಡಿದ್ದ, ನಾ ಮೀಟರ್ ಅನ್ಕಂಡೆ! 50 ಗಜ ಅಂದ್ರ 45.7 ಮೀಟರ್ ಅಷ್ಟಾ, ಅದಕ್ಕ 50 ಮೀಟರಿಂದ ಹೊಡದ್ರ ಬಾಣ ಸುಮಾರು ಒಂದು ಗೇಣು ಕೆಳಗ. ಆಮೇಲೆ ಗಡಿಬಿಡಿಯಾಗ ಒಂದು ಪಿನ್ ಮೇಲಿಂದು ಹಿಡದೆ ನೋಡ್ರಿ, ಬಾಣ ಟಾರ್ಗೆಟ್ ಕೆಳಗಿಂದ ನುಸುಳಿ ಜಾಲಿಗೆ. ಆಗ ಹಿಂದ ಮಣ್ಣಿನ ದಿಬ್ಬ ಇದ್ದಿಲ್ಲ, ಈಗ ಹಾಕ್ಸೀವಿ, ನೀವು ಮೊದಲೇ ಹಾಕ್ಸ್ರಿ.

ಹಂಗಾದ್ರ ಐದು ಪಿನ್ ಯಾರಿಗೆ ಬೇಕು? ಬೇಟೆಗಾರರಿಗೆ. ಅಮೆರಿಕದಂಥ ಕಡೆ, ಜಿಂಕಿ ಬಂದು ನಾ 33 ಗಜದಾಗ ನಿಂತೀನಿ ಅಂತ ಹೇಳಂಗಿಲ್ಲಲ್ಲ, ಒಂದೇ ಪಿನ್ನಿನ ಸೈಟ್‌ನ ಆ ದೂರಕ್ಕ ತಿರುಗಿಸ್ಕಂತ ಕುಂತ್ರ ಅದು ಓಡಿಹೋಗ್ತತಿ, ಅದಕ್ಕ 30ರ ಪಿನ್ನಿಗೂ 40ರ ಪಿನ್ನಿಗೂ ನಡುವ ಹಿಡಿದು ಬಿಡ್ತಾರ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಐತಿ, ಬೇಟೆ ಬಂದ್, ದರೋಜಿ ಕಡೆ ಕರಡಿ ನೋಡಾಕ ಹೋದ್ರ ಬಿಲ್ಲು ಮನ್ಯಾಗ ಇಟ್ಟು ಹೋಗ್ರಿ.

ಟಾರ್ಗೆಟ್ ಹೊಡಿಯೋರಿಗೆ ದೂರ ಮೊದ್ಲೇ ಗೊತ್ತಿರ್ತತಿ. ಕಾಂಪೌಂಡ್, ಅಂದ್ರ ತುದಿಗೆ ಗಾಲಿ ಇರೋ ಬಿಲ್ಲಿಗೆ 50 ಮೀಟರ್, 80 ಸೆಂಟಿಮೀಟರ್ ಗುರಿ ಕಾಗದ, ನಡುವಿನ ಹತ್ತರ ವೃತ್ತ 8 ಸೆಂಟಿಮೀಟರ್. 2023ರಾಗ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಾಗ ನಮ್ಮ ಪಕ್ಕದ ಆಂಧ್ರದ ಜ್ಯೋತಿ ಸುರೇಖಾ ವೆನ್ನಂ ಮೂರು ಚಿನ್ನ ಗೆದ್ರಲ್ಲ, ಆ ಲೆವೆಲ್‌ನಾಗ ಐದು ಪಿನ್ನಿನ ಗೊಂಚಲು ಕಾಣಂಗಿಲ್ರಿ, ಒಂದು ಲೆನ್ಸು, ಅದರಾಗ ಒಂದೇ ಗುರಿ ಚುಕ್ಕಿ, ಕೆಳಗ ಒಂದು ನೀರುಗುಳ್ಳೆ ಲೆವೆಲ್. ರಿಕರ್ವ್, ಅಂದ್ರ ಗಾಲಿ ಇಲ್ಲದ, ತುದಿ ಮುಂದಕ್ಕ ಬಾಗಿರೋ ಬಿಲ್ಲಿನಾಗ ಮಾತ್ರ ಲೆನ್ಸೂ ಇಲ್ಲ, ಲೆವೆಲ್ಲೂ ಇಲ್ಲ. ಇಂಡಿಯನ್ ರೌಂಡ್ ಅಂತ ನಮ್ಮ ದೇಶದ ಸ್ಪರ್ಧೆ ಐತಲ್ಲ, ಅದರ ಬಿದಿರು ಬಿಲ್ಲಿಗಂತೂ ಸೈಟೇ ಇಲ್ಲ. ಅಲ್ಲಾ, ಆನೆಗೊಂದಿ ಕಡೆ ರಾಮ ಏಳು ಮರ ತೂರಿದ್ದು ಯಾವ ಪಿನ್ನಿನಾಗ ಅಂತ ಕೇಳಬ್ಯಾಡ್ರಿ.

ಈಗ ಪಿನ್ ದಪ್ಪ, ಇದನ್ನ ಯಾರೂ ಹೇಳಂಗಿಲ್ಲ. ಲೇ, ಕ್ಯಾಮೆರಾ ಹತ್ರ ತಗಂಬಾ. ಪಿನ್ನಿನ ತುದಿ ಈ ಹಸಿರು ಚುಕ್ಕಿ 0.019 ಇಂಚು, ಅರ್ಧ ಮಿಲಿಮೀಟರ್ ಸುಮಾರು. ಕಣ್ಣಿಂದ ಎರಡೂಮುಕ್ಕಾಲು ಅಡಿ ಮುಂದ ಇರ್ತತಿ, ಅದಕ್ಕ 50 ಮೀಟರಿನಾಗ ಇದು ಟಾರ್ಗೆಟ್ ಮ್ಯಾಲೆ ಹತ್ರಹತ್ರ 3 ಸೆಂಟಿಮೀಟರ್ ಮುಚ್ಚತತಿ. 0.029ರದ್ದು ಹಾಕಿದ್ರ 4ಕ್ಕಿಂತ ಜಾಸ್ತಿ, ಅಂದ್ರ ಹತ್ತರ ವೃತ್ತದ ಅರ್ಧ ಅಗಲ ಪಿನ್ನಿನ ಹಿಂದ ಮಾಯ. ಹಂಗಂತ 0.010 ತಗಂಡ್ರ ಚುಕ್ಕಿಗೆ ಬೆಳಕು ತರೋ ಫೈಬರ್ ಎಳಿ ಸಣ್ಣದು, ಬೆಳಕು ಕಮ್ಮಿ, ಮುಂಜಾನೆ ಸಂಜಿ ಮಬ್ಬಿನಾಗ ಹುಡುಕಬೇಕು. ನಾ 0.019ಕ್ಕ ನಿಂತೀನಿ.

ಆದ್ರ ಬಳ್ಳಾರಿ ಬಿಸಿಲು ನಿಮಗ ಗೊತ್ತಲ್ಲ, ಮಧ್ಯಾಹ್ನ ಹನ್ನೆರಡಕ್ಕ ಪಿನ್ನು ಬಲ್ಬಿನಂಗ ಉರಿತತಿ, ಚುಕ್ಕಿ ಹೋಗಿ ನಕ್ಷತ್ರ ಆಗ್ತತಿ. ಉಪಾಯ ಏನಂದ್ರ ಫೈಬರ್ ಸುತ್ತಿರೋ ಜಾಗಕ್ಕ ಕರೇ ಇನ್ಸುಲೇಷನ್ ಟೇಪ್ ಸುತ್ರಿ, ಒಮ್ಮೆಗೇ ಪೂರ್ತಿ ಮುಚ್ಚಬ್ಯಾಡ್ರಿ, ಅರ್ಧ ಸುತ್ತಿ ನೋಡ್ರಿ.

ಸೆಟ್ ಮಾಡೂದು ಸರಳ: ಬಾಣ ಎಲ್ಲಿ ಬೀಳ್ತತೋ ಆ ಕಡೀಗೇ ಪಿನ್ ಸರಿಸ್ರಿ. ಬಾಣ ಎಡಕ್ಕ ಬಿತ್ತು, ಪಿನ್ನು ಎಡಕ್ಕ. ಮ್ಯಾಲೆ ಬಿತ್ತು, ಮ್ಯಾಲಕ್ಕ. ಒಂದು ಬಾಣ ನೋಡಿ ಸರಿಸಬ್ಯಾಡ್ರಿ, ಮೂರು ಬಿಟ್ಟು ನೋಡ್ರಿ, ಇಲ್ಲಾಂದ್ರ ಗಾಳಿ ತಪ್ಪಿಗೂ ಪಿನ್ನು ತಿರುಗಿಸ್ಕಂತ ಕುಂದ್ರತೀರಿ.

ಈಗ ನಾ ಒಂದೇ ಪಿನ್ನಿನಾಗ 50 ಮೀಟರಿಂದ ಮೂರು ಬಿಡ್ತೀನಿ... ಯಾರಪಾ ಅಂವಾ ಟಾರ್ಗೆಟ್ ಹತ್ರ? ಪಕ್ಕಕ್ಕ ಬಾರಪಾ, ಬಿಲ್ಲು ಎಳದೀನಿ... ಹಾಂ ಇಳಿಸ್ದೆ, ಬಾ ಬಾ, ಈ ಕಡೀಗೆ.