ಆ ಚೀಲದ ಹೆಸರೇನು?

ಕೇಳುಗರೆ, ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಘಟ್ಟದ ಮೇಲೆ ಅಡಿಕೆ ತೋಟದವರ ಕೈ ಖಾಲಿಯಾಗುವ ಕಾಲವೂ ಇದೇ. ಮಕ್ಕಳ ಶಾಲೆ ಶುರುವಾಗಿರುತ್ತದೆ. ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಪುಟ ತುಂಬುತ್ತಾ ಹೋಗುತ್ತದೆ.

ಕೈ ಸೋತಾಗ ಯಾರೂ ಒಮ್ಮೆಲೇ ದೊಡ್ಡ ಮೋಸಕ್ಕೆ ಇಳಿಯುವುದಿಲ್ಲ. ಮೊದಲು ದಾರಿ ಬದಲಿಸುತ್ತಾರೆ. ಅಂಗಡಿಯ ಎದುರು ಬಿಟ್ಟು ಹಿಂದಿನ ಓಣಿ ಹಿಡಿಯುತ್ತಾರೆ. ಆ ಓಣಿಯಲ್ಲಿ ನಾನೂ ನಡೆದಿದ್ದೇನೆ.

ನಮ್ಮದು ಶಿರಸಿ ಕಡೆಯ ಸಣ್ಣ ಅಡಿಕೆ ತೋಟ. ನಾನು ಪಿಯುಸಿ ಓದುತ್ತಿದ್ದ ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ ಎರಡೂ ತಂದಿಟ್ಟಿದ್ದೆವು. 100 ಲೀಟರ್ ನೀರಿಗೆ ಒಂದೊಂದು ಕಿಲೋ ಲೆಕ್ಕ. ಮೊದಲ ಸಲ ಔಷಧಿ ಹೊಡೆದಾಗಿತ್ತು. ಎರಡನೇ ಸಲಕ್ಕೆ ಬಿಡುವೇ ಸಿಗಲಿಲ್ಲ. ಜಾರುವ ಮರ ಹತ್ತು ಅಂತ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಹೇಳಲು ಆಗುತ್ತದಾ? ಕೊಳೆ ಬಂತು. ಬೆಳಗ್ಗೆ ಎದ್ದು ನೋಡಿದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ, ಅದರ ಮೇಲೆ ಬಿಳಿ ಬೂಸಲು.

14 ಚೀಲ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಆಗುತ್ತಿದ್ದ ಮನೆಯಲ್ಲಿ ಆ ವರ್ಷ ಆದದ್ದು 5 ಚೀಲ. ಮಳೆಗಾಲಕ್ಕೆ ಮೊದಲು ಜಗಲಿಯಲ್ಲಿ ಕುಳಿತು ಅಡಿಕೆ ಆರಿಸುತ್ತಿದ್ದೆವು. ಕಳಪೆ ಅಡಿಕೆಗೆ ಬಿಳೆಗೋಟು ಅನ್ನುತ್ತೇವೆ, ಅದಕ್ಕೆ ಚಾಲಿಗಿಂತ ದರ ಕಡಿಮೆ. ನಾನು ಮೆಲ್ಲಗೆ ಹೇಳಿದೆ, "ಆಯಿ, ಚೀಲದ ನಡುವೆ ಸ್ವಲ್ಪ ಬಿಳೆಗೋಟು ಸೇರಿಸಿದ್ರೆ ಯಾರಿಗೆ ತಿಳೀತದೆ?"

ಆಯಿ ಕೈಯಲ್ಲಿದ್ದ ಅಡಿಕೆಯನ್ನು ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. ಬಿಳೆಗೋಟಿನ ರಾಶಿಗೆ ಹಾಕಿದಳು. "ಮೇಲೆ ಚಾಲಿ, ಒಳಗೆ ಬಿಳೆಗೋಟು. ಹಾಗಾದ್ರೆ ಆ ಚೀಲದ ಹೆಸರೇನು ತಮಾ?"

ಆಯಿಯ ತವರು ಸಿದ್ದಾಪುರ ಕಡೆ. ಕರನಿರಾಕರಣೆಯ ಕತೆ ಕೇಳುತ್ತಾ ಬೆಳೆದವಳು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತಲ್ಲ, ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರದ ರೈತರು ಬ್ರಿಟಿಷರಿಗೆ ಕರ ಕೊಡುವುದಿಲ್ಲ ಅಂದರು. ಜಮೀನು ಜಪ್ತಿಯಾಯಿತು. ಕರ ಕಟ್ಟಿದ್ದರೆ ಜಮೀನು ಉಳಿಯುತ್ತಿತ್ತು. ಎಷ್ಟೋ ಮನೆಯವರು ಕಟ್ಟಲಿಲ್ಲ. ಅಂಥ ಸೀಮೆಯಿಂದ ಬಂದವಳ ಮುಂದೆ ನಾನು ಒಂದು ಹಿಡಿ ಬಿಳೆಗೋಟಿನ ಮಾತಾಡಿದ್ದೆ.

ಚಾಲಿ ಬೇರೆ, ಬಿಳೆಗೋಟು ಬೇರೆ ಆಗಿಯೇ ಪೇಟೆಗೆ ಹೋಯಿತು. ದುಡ್ಡು ಸಾಲಲಿಲ್ಲ. ಅಪ್ಪಯ್ಯ ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದ. "ಶೆಟ್ರೆ, ಈ ವರ್ಷ ಪೂರ್ತಿ ಕೊಡೋಕೆ ಆಗೂದಿಲ್ಲ. ಸದ್ಯ ಇಷ್ಟು ತಗೊಳ್ಳಿ."

ಶೆಟ್ಟರಿಗೆ ಬೇಸರವಾಯಿತು. "ನಂಗೂ ಮೇಲಿನವರು ಕೇಳ್ತಾರಲ್ಲ ಹೆಗಡೇರೆ" ಅಂದರು. ಅಕ್ಕಿ, ಉಪ್ಪು ಕೊಡುತ್ತೇನೆ, ಸಕ್ಕರೆ ಉದ್ರಿ ಇಲ್ಲ ಅಂದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಅಪ್ಪಯ್ಯ ಹೂಂ ಅಂದ. ವರ್ಷಪೂರ್ತಿ ಬೆಲ್ಲದ ಚಹಾ ಕುಡಿದೆವು.

ದೇವರ ಪೂಜೆ ಒಂದು ದಿನವೂ ತಪ್ಪಲಿಲ್ಲ. ಬೆಳೆ ಬಂದರೆ ಇಷ್ಟು ಕೊಡುತ್ತೇನೆ ಅಂತ ಅಪ್ಪಯ್ಯ ಹರಕೆ ಹೊತ್ತುಕೊಳ್ಳಲಿಲ್ಲ. ಬೇಲಿಯ ದಾಸವಾಳ ಏರಿಸಿ, ಕೈಮುಗಿದು, ತೋಟಕ್ಕೆ ಇಳಿಯುತ್ತಿದ್ದ. ಆಗ ನನಗೆ ಸಿಟ್ಟು ಬರುತ್ತಿತ್ತು. ಇಷ್ಟೆಲ್ಲ ಉದುರಿಸಿದ ದೇವರಿಗೆ ಹೂವು ಯಾಕೆ? ಈಗ ಅನಿಸುತ್ತದೆ, ಆ ಐದು ನಿಮಿಷ ಇಲ್ಲದಿದ್ದರೆ ಅವನೂ ಓಣಿ ಹಿಡಿಯುತ್ತಿದ್ದನೋ ಏನೋ.

ಸೊಸೈಟಿಯ ಬೆಳೆಸಾಲ ಇರುವವರಿಗೆ ಒಂದು ಮಾತು. ಕಟ್ಟಲು ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ಹೋಗಿ ಹೇಳಿ. ಮುದ್ದತು ದಾಟುವ ತನಕ ಸುಮ್ನೆ ಕೂರಬೇಡಿ. ಹಳೇ ಸಾಲ ಮುಚ್ಚಲು ಜಾಸ್ತಿ ಬಡ್ಡಿಯ ಹೊಸ ಸಾಲಕ್ಕೆ ಕೈ ಹಾಕಬೇಡಿ. ಮನೆಯವರಿಗೂ ಲೆಕ್ಕ ಗೊತ್ತಿರಲಿ.

ನಮ್ಮ ಬಾಕಿ ತೀರಲು 3 ವರ್ಷ ಬೇಕಾಯಿತು. ಕೊನೆಯ ಕಂತು ಕೊಟ್ಟ ದಿನ ಶೆಟ್ಟರು ನಮ್ಮ ಪುಟಕ್ಕೆ ಅಡ್ಡಗೆರೆ ಎಳೆದರು. ಕವಳದ ಬಟ್ಟಲು ಮುಂದೆ ಸರಿಸಿದರು. ಅಪ್ಪಯ್ಯ ಬೆಂಚಿನ ಮೇಲೆ ಕುಳಿತು, ಅವಸರವಿಲ್ಲದೆ, ಒಂದು ಅಡಿಕೆ ಕತ್ತರಿಸಿದ.

ನಮಸ್ಕಾರ.