ಮೆಲುದನಿಯ ಗಂಡಸರು

ಕೇಳುಗರಿಗೆ ನಮಸ್ಕಾರ.

ಬಾನುಲಿ ಸ್ಟುಡಿಯೋದಲ್ಲಿ ಮೊದಲ ಸಲ ಕುಳಿತವರಿಗೆ ಹೇಳಿಕೊಡುವ ಪಾಠ ಒಂದೇ: ಕೂಗಬೇಡಿ, ಮೈಕು ಹತ್ತಿರದಲ್ಲೇ ಇದೆ. ಕೇಳುವವರು ಎಷ್ಟೇ ಮಂದಿ ಇರಲಿ, ಒಬ್ಬರ ಪಕ್ಕದಲ್ಲಿ ಕುಳಿತು ಮಾತನಾಡುವಂತೆ ಮಾತನಾಡಿ. ಗಂಡಸರಾದ ನಮಗೆ ಈ ಪಾಠ ತಲೆಗೆ ಹತ್ತಲು ತುಸು ಹೆಚ್ಚು ಹೊತ್ತು ಬೇಕು. ಮೈಕು ಕಂಡ ಕೂಡಲೇ ದನಿ ಏರಿಸುವುದು ನಮ್ಮ ಅಭ್ಯಾಸ. ಇವತ್ತು ನಾನು ಹೇಳಹೊರಟಿರುವುದು ಮೆಲ್ಲಗೆ ಹಾಡಿದ, ಮೆಲ್ಲಗೆ ಮಾತನಾಡಿದ ಕೆಲವು ಗಂಡಸರ ಸಂಗತಿ. ಅವರು ಅಮೆರಿಕದ ಕಪ್ಪು ಜನ. ಒಲವು, ಸರಸ, ಸಲುಗೆ ಎಂಬ ಮಾತುಗಳನ್ನು ಎಲ್ಲರೆದುರು ಆಡಲು ಅವರು ತೆತ್ತ ಬೆಲೆಯನ್ನು ನೆನೆದರೆ, ನಾವು ಕೇಳುವ ಪ್ರೇಮಗೀತೆಗಳು ಬೇರೆಯೇ ಆಗಿ ಕೇಳಿಸತೊಡಗುತ್ತವೆ.

ಟೆನೆಸಿ ರಾಜ್ಯದ ಮೆಂಫಿಸ್ ನಗರ. 1968ರ ಫೆಬ್ರವರಿ 1, ಜೋರು ಮಳೆ. ಎಕಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ನೆನೆಯುವುದನ್ನು ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಬದಿಗೆ, ಕಸ ಅದುಮುವ ಯಂತ್ರದ ಬಾಯಿಗೇ ಹೋಗಿ ನಿಂತರು. ಯಂತ್ರ ಇದ್ದಕ್ಕಿದ್ದಂತೆ ಚಾಲೂ ಆಯಿತು. ಇಬ್ಬರೂ ಕಸದ ಜೊತೆಗೇ ನುಗ್ಗಾದರು. ಅದೇ ತಿಂಗಳ 12ರಂದು ಸುಮಾರು 1,300 ಕಾರ್ಮಿಕರು ಕೆಲಸಕ್ಕೆ ಹೋಗಲಿಲ್ಲ.

ಇವರು ಮನೆಮನೆಯ ಹಿತ್ತಿಲಿನಿಂದ ಕಸವನ್ನು ತೊಟ್ಟಿಗಳಲ್ಲಿ ತುಂಬಿಕೊಂಡು ಹೊತ್ತು ತರುತ್ತಿದ್ದವರು. ತೊಟ್ಟಿಗಳು ತೂತಾಗಿದ್ದವು. ಕೊಳೆತ ನೀರು ಹುಳುಗಳ ಸಮೇತ ಕುತ್ತಿಗೆಯ ಮೇಲೆ, ಬೆನ್ನಿನ ಮೇಲೆ ಇಳಿಯುತ್ತಿತ್ತು. ಸಂಜೆ ಮನೆಗೆ ಬಂದವರು ಬಟ್ಟೆಯನ್ನು ಹೊರಗೇ ಕಳಚಿ ಒಳಗೆ ಕಾಲಿಡಬೇಕು. ಮಗುವನ್ನು ಎತ್ತಿಕೊಳ್ಳುವುದಕ್ಕೂ, ಹೆಂಡತಿಯ ಹತ್ತಿರ ಕುಳಿತುಕೊಳ್ಳುವುದಕ್ಕೂ ಮೊದಲು ಊರಿನ ಕೊಳೆಯನ್ನೆಲ್ಲ ಮೈಯಿಂದ ತೊಳೆದುಕೊಳ್ಳಬೇಕು. ಮುಷ್ಕರದ ಬೇಡಿಕೆಗಳಾದ ಕೂಲಿ, ಸಂಘ, ಸುರಕ್ಷತೆ ಎಲ್ಲವೂ ಚರಿತ್ರೆಯ ಪುಸ್ತಕಗಳಲ್ಲಿದೆ. ಈ ಬಚ್ಚಲ ಬಾಗಿಲಿನ ಸಂಗತಿಯೂ ಅದರಷ್ಟೇ ದೊಡ್ಡದು ಎಂದು ನನಗೆ ಅನಿಸುತ್ತದೆ.

ಆ ಮುಷ್ಕರದಲ್ಲಿ ಅವರು ಎತ್ತಿ ಹಿಡಿದ ಫಲಕ ಲೋಕಕ್ಕೆಲ್ಲ ಗೊತ್ತಾಯಿತು. ಬಿಳಿ ರಟ್ಟಿನ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ ನಾಲ್ಕೇ ಪದ: ‘ಐ ಆ್ಯಮ್ ಎ ಮ್ಯಾನ್’. ಕನ್ನಡಕ್ಕೆ ತರಲು ಹೊರಟರೆ ತೊಡಕು. ‘ನಾನೊಬ್ಬ ಮನುಷ್ಯ’ ಎಂದರೂ ಸರಿ, ‘ನಾನೊಬ್ಬ ಗಂಡಸು’ ಎಂದರೂ ಸರಿ. ಇಂಗ್ಲಿಷಿನ ‘ಮ್ಯಾನ್’ ಎಂಬ ಒಂದೇ ಪದ ಎರಡನ್ನೂ ಹೊತ್ತುಕೊಂಡಿದೆ. ಫಲಕದಲ್ಲಿ ಕ್ರಿಯಾಪದದ ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದರು, ‘ಹೌದು, ಆಗಿದ್ದೇನೆ’ ಎಂದು ಒತ್ತಿ ಹೇಳುವಂತೆ. ಯಾಕೆಂದರೆ ಅಲ್ಲಿನ ಬಿಳಿಯರು ಅರವತ್ತು ವರ್ಷದ ಕಪ್ಪು ಮುದುಕನನ್ನೂ ‘ಬಾಯ್’ ಎಂದು, ಅಂದರೆ ಹುಡುಗ ಎಂದು ಕರೆಯುತ್ತಿದ್ದರು. ಇದರ ಉರಿ ಕನ್ನಡದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಗೌಡರ ಮನೆಯ ಹತ್ತು ವರ್ಷದ ಪೋರ ನರೆತ ತಲೆಯ ಆಳನ್ನು ‘ಏನ್ಲಾ’ ಎಂದು ಕರೆಯುವ ಏಕವಚನ ನಮಗೆ ಗೊತ್ತಿರುವುದೇ. ಅದಕ್ಕೇ ಈ ಮಾತಿನುದ್ದಕ್ಕೂ ಇವರನ್ನೆಲ್ಲ ನಾನು ಬಹುವಚನದಲ್ಲೇ ಕರೆಯುತ್ತೇನೆ.

ಅಲ್ಲಿನ ಏಕವಚನಕ್ಕೆ ಇನ್ನೊಂದು ಮುಖವೂ ಇತ್ತು. ಹಗಲಿನಲ್ಲಿ ಹುಡುಗ ಎನಿಸಿಕೊಂಡವನು ಬಿಳಿ ಹೆಂಗಸಿನ ಮಾತು ಬಂದ ಕೂಡಲೇ ಮೃಗವಾಗಿಬಿಡುತ್ತಿದ್ದ. 1955ರ ಆಗಸ್ಟ್‌ನಲ್ಲಿ ಷಿಕಾಗೋದಿಂದ ಮಿಸಿಸಿಪ್ಪಿಯ ಹಳ್ಳಿಗೆ ನೆಂಟರ ಮನೆಗೆಂದು ಬಂದಿದ್ದ ಎಮೆಟ್ ಟಿಲ್‌ಗೆ ಹದಿನಾಲ್ಕು ವರ್ಷ. ಅವನು ನಿಜಕ್ಕೂ ಹುಡುಗ. ಅಂಗಡಿಯ ಬಿಳಿ ಹೆಂಗಸನ್ನು ನೋಡಿ ಶಿಳ್ಳೆ ಹಾಕಿದ ಎಂಬ ಆರೋಪಕ್ಕೆ ಅವನನ್ನು ರಾತ್ರಿ ಎಬ್ಬಿಸಿ ಒಯ್ದು ಕೊಂದರು. ಬಿಳಿಯರೇ ತುಂಬಿದ್ದ ನ್ಯಾಯಾಲಯದ ಪಂಚಮಂಡಲಿ (ಜ್ಯೂರಿ) ಒಂದು ಗಂಟೆ ಚಿಲ್ಲರೆ ಹೊತ್ತಿನಲ್ಲಿ ಕೊಂದವರನ್ನು ಬಿಡುಗಡೆ ಮಾಡಿತು. ಇಂಥ ಕಡೆ ಬೆಳೆಯುವ ಗಂಡು ಮಗುವಿಗೆ ತಾಯಿ ಏನು ಕಲಿಸಬೇಕು? ಕಣ್ಣು ಕೆಳಗಿರಲಿ, ದನಿ ತಗ್ಗಿರಲಿ, ಮೈ ಕುಗ್ಗಿರಲಿ. ಮೆಲುದನಿ ಎಂಬುದು ಅವರ ಬದುಕಿನಲ್ಲಿ ಮೊದಲು ಬಂದದ್ದು ಹೀಗೆ, ಜೀವ ಉಳಿಸಿಕೊಳ್ಳುವ ಉಪಾಯವಾಗಿ.

ಇನ್ನೂ ಹಿಂದಕ್ಕೆ ಹೋಗೋಣ. 1848. ವರ್ಜೀನಿಯಾದ ರಿಚ್ಮಂಡ್ ಪಟ್ಟಣ. ತಂಬಾಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆನ್ರಿ ಬ್ರೌನ್ ಎಂಬ ಗುಲಾಮರು. ಅವರ ಹೆಂಡತಿ ನ್ಯಾನ್ಸಿಗೆ ಬೇರೊಬ್ಬ ಒಡೆಯ. ಹೆಂಡತಿಯನ್ನು ಮಾರದಿರಲಿ ಎಂದು ಆ ಒಡೆಯನಿಗೆ ಹೆನ್ರಿ ಹಣ ಕೊಡುತ್ತಾ ಬಂದಿದ್ದರು. ಹಣವನ್ನೂ ತೆಗೆದುಕೊಂಡ ಒಡೆಯ ಗರ್ಭಿಣಿಯಾಗಿದ್ದ ನ್ಯಾನ್ಸಿಯನ್ನೂ ಮೂರು ಮಕ್ಕಳನ್ನೂ ಮಾರಿಬಿಟ್ಟ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಅದಕ್ಕೇ ಕೆಲವು ಕಡೆ ಅವರ ಮದುವೆಯ ಮಂತ್ರದಲ್ಲಿ ‘ಸಾವು ಅಗಲಿಸುವ ತನಕ’ ಎನ್ನುವ ಜಾಗದಲ್ಲಿ ‘ಸಾವು ಇಲ್ಲವೇ ದೂರ ಅಗಲಿಸುವ ತನಕ’ ಎಂದು ಓದುತ್ತಿದ್ದರು. ಮಾರಾಟವಾದವರ ಸಾಲು ನಾರ್ತ್ ಕೆರೊಲಿನಾದ ಕಡೆಗೆ ಹೊರಟಾಗ ಹೆನ್ರಿ ದಾರಿಯ ಪಕ್ಕ ಕಾದು ನಿಂತಿದ್ದರು. ಮೊದಲು ಮಕ್ಕಳಿದ್ದ ಗಾಡಿ ಬಂತು. ದೊಡ್ಡ ಮಗು ಅಪ್ಪನನ್ನು ಗುರುತಿಸಿತು. ಆಮೇಲೆ ನ್ಯಾನ್ಸಿ ಬಂದರು. ಹೆನ್ರಿ ಹೆಂಡತಿಯ ಕೈ ಹಿಡಿದುಕೊಂಡು ಆ ಸಾಲಿನ ಜೊತೆಗೇ ಸುಮಾರು ನಾಲ್ಕು ಮೈಲಿ ನಡೆದರು. ಇಬ್ಬರಿಂದಲೂ ಒಂದು ಮಾತು ಹೊರಡಲಿಲ್ಲ. ಮುಂದಿನ ವರ್ಷ ಅದೇ ಹೆನ್ರಿ ಮರದ ಪೆಟ್ಟಿಗೆಯೊಂದರೊಳಗೆ ಮುದುಡಿ ಕುಳಿತು, ತಮ್ಮನ್ನೇ ಸರಕಿನಂತೆ ಫಿಲಡೆಲ್ಫಿಯಾಕ್ಕೆ ಸಾಗಿಸಿಕೊಂಡು, 27 ಗಂಟೆಗಳ ಪಯಣದ ಕೊನೆಗೆ ಬಿಡುಗಡೆ ಪಡೆದರು. ಲೋಕ ಆ ಪೆಟ್ಟಿಗೆಯನ್ನು ನೆನಪಿಟ್ಟುಕೊಂಡಿತು. ನನಗೆ ನೆನಪಾಗುವುದು ಆ ನಾಲ್ಕು ಮೈಲಿ.

ಕಪ್ಪು ಗಂಡಸರು ಈಗೀಗ ಕೋಮಲತೆ ಕಲಿಯುತ್ತಿದ್ದಾರೆ ಎಂಬ ಧಾಟಿಯ ಮಾತು ಕೇಳಿದಾಗ ನನಗೆ ತುಸು ಸಿಟ್ಟು ಬರುವುದು ಇದಕ್ಕೇ. ಅದು ಅವರಲ್ಲಿ ಮೊದಲಿನಿಂದಲೂ ಇತ್ತು. ತೋರಿಸುವ ಹಕ್ಕು ಇರಲಿಲ್ಲ.

ಮತ್ತೆ ಮೆಂಫಿಸ್. 1968ರ ಏಪ್ರಿಲ್ 4ರಂದು, ಆ ಕಾರ್ಮಿಕರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಲೊರೇನ್ ಮೋಟೆಲಿನಲ್ಲಿ ಗುಂಡಿಟ್ಟು ಕೊಂದರು. ಊರಿನ ಸಂಗೀತಗಾರರಿಗೆ ಅದು ಪರಕೀಯ ಜಾಗವಾಗಿರಲಿಲ್ಲ. ಕಪ್ಪು ಬಿಳುಪು ಎನ್ನದೆ ಕಲಾವಿದರು ಒಟ್ಟಿಗೆ ಕುಳಿತು ಹಾಡು ಕಟ್ಟುತ್ತಿದ್ದ ಕೋಣೆಗಳು ಅಲ್ಲಿದ್ದವು. ಆ ಊರಿನ ಸ್ಟ್ಯಾಕ್ಸ್ ಎಂಬ ಧ್ವನಿಮುದ್ರಣ ಕಂಪನಿಯ ಹಾಡುಬರಹಗಾರ ಐಸಾಕ್ ಹೇಯ್ಸ್ ಅವರಿಗೆ ಆ ಸಾವಿನ ನಂತರ ಬಹುಕಾಲ ಏನನ್ನೂ ಬರೆಯಲಾಗಲಿಲ್ಲ. 1969ರಲ್ಲಿ ಅವರು ಮತ್ತೆ ಬಾಯಿ ತೆರೆದಾಗ ಎಲ್ಲರೂ ಸಿಟ್ಟಿನ ಹಾಡನ್ನು ನಿರೀಕ್ಷಿಸಿರಬೇಕು. ಬಂದದ್ದು ಹದಿನೆಂಟು ನಿಮಿಷಕ್ಕೂ ಮೀರಿದ ಒಂದು ಪ್ರೇಮಗೀತೆ. ಅದರ ಹೆಚ್ಚುಕಡಿಮೆ ಅರ್ಧ ಹೊತ್ತು ಅವರು ಹಾಡುವುದೇ ಇಲ್ಲ. ಆರ್ಗನ್ನಿನ ಒಂದೇ ಸ್ವರ ಹಿಂದೆ ನಿಂತಿರುತ್ತದೆ, ಅವರು ಆಳವಾದ ದನಿಯಲ್ಲಿ, ಅವಸರವಿಲ್ಲದೆ, ಹೆಂಡತಿಯಿಂದ ಮೋಸಹೋಗಿ ಊರು ಬಿಟ್ಟು ಹೊರಟ ಗಂಡಸೊಬ್ಬನ ಕತೆ ಹೇಳುತ್ತಾ ಹೋಗುತ್ತಾರೆ. ಮೋಸಹೋದೆ ಎಂದು, ನೋವಾಯಿತು ಎಂದು ಗಂಡಸು ಅಷ್ಟು ನಿಧಾನವಾಗಿ ಒಪ್ಪಿಕೊಂಡದ್ದನ್ನು ರೇಡಿಯೋ ಅದಕ್ಕೆ ಮೊದಲು ಕೇಳಿದ್ದು ಅಪರೂಪ. 1972ರಲ್ಲಿ ಲಾಸ್ ಏಂಜಲೀಸಿನ ಕ್ರೀಡಾಂಗಣದಲ್ಲಿ ಲಕ್ಷ ಜನರ ಮುಂದೆ ಇದೇ ಹೇಯ್ಸ್ ಬರಿಯ ಎದೆಯ ಮೇಲೆ ಬಂಗಾರದ ಸರಪಳಿಗಳ ಅಂಗಿ ತೊಟ್ಟು ನಿಂತರು. ಅಜ್ಜಂದಿರ ಕಾಲಿನಲ್ಲಿದ್ದ ಸರಪಳಿ ಮೊಮ್ಮಗನ ಮೈಮೇಲೆ ಒಡವೆಯಾಗಿತ್ತು. ಅಬ್ಬರದ ವೇಷವೇ ಅದು, ಒಪ್ಪುತ್ತೇನೆ. ಆದರೂ ಮುಚ್ಚಿಟ್ಟುಕೊಳ್ಳಲೇಬೇಕಾಗಿದ್ದ ಮೈಯನ್ನು ಚೆಲುವೆಂದು ತೋರಿಸಿಕೊಳ್ಳುವ ಸಂತೋಷ ಅದರಲ್ಲಿತ್ತು.

ನನಗೆ ಇನ್ನೂ ಪ್ರಿಯವಾದವರು ಗಾಯಕ ಆಲ್ ಗ್ರೀನ್. ಲೌಕಿಕ ಹಾಡುಗಳ ಗಾಯಕ ಜಾಕಿ ವಿಲ್ಸನ್ ಅವರ ಹಾಡು ಕೇಳುತ್ತಿದ್ದರೆಂದು ದೈವಭಕ್ತ ತಂದೆ ಅವರನ್ನು ಎಳೆಹರೆಯದಲ್ಲೇ ಮನೆಯಿಂದ ಹೊರಹಾಕಿದ್ದರು. ಮೆಂಫಿಸಿನ ರಾಯಲ್ ಸ್ಟುಡಿಯೋ ಹಿಂದೆ ಮೂಕಿ ಚಿತ್ರಗಳ ಟಾಕೀಸಾಗಿದ್ದ ಕಟ್ಟಡ. ಇವತ್ತಿಗೂ ಅದರ ನೆಲ ಇಳಿಜಾರು. ಅಲ್ಲಿ ನಿರ್ಮಾಪಕ ವಿಲ್ಲಿ ಮಿಚೆಲ್ ಅವರದು ಒಂದೇ ಹಟ: ಬೇರೆಯವರಂತೆ ಗಂಟಲು ಹರಿದುಕೊಳ್ಳಬಾರದು, ಮೆಲ್ಲಗೆ ಹಾಡಬೇಕು. ಗ್ರೀನ್ ಅವರಿಗೆ ಆ ತೆಳುದನಿ ಹಿಡಿಸಲಿಲ್ಲ. ಗಂಡಸಿನ ದನಿ ಗಟ್ಟಿಯಾಗಿರಬೇಕಲ್ಲವೇ? ಕೊನೆಗೆ ಮಿಚೆಲ್ ಗೆದ್ದರು. ‘ಜೊತೆಯಲ್ಲೇ ಇರೋಣ’ ಎಂಬ ಅರ್ಥದ ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು 1972ರ ಫೆಬ್ರವರಿ 12ರ ವಾರ. ಪೌರಕಾರ್ಮಿಕರು ಕೆಲಸ ನಿಲ್ಲಿಸಿದ ದಿನದಿಂದ ಸರಿಯಾಗಿ ನಾಲ್ಕು ವರ್ಷ. ಕಾಕತಾಳೀಯವೇ ಇರಬಹುದು. ಆದರೆ ಹೆಂಡತಿ ಮಕ್ಕಳ ಜೊತೆಯಲ್ಲಿರುವುದು ಯಾರ ಅಜ್ಜಂದಿರಿಗೆ ಕಾನೂನಿನಲ್ಲೇ ದಕ್ಕಿರಲಿಲ್ಲವೋ ಅವರ ಮೊಮ್ಮಗ, ಅದೇ ಊರಿನಿಂದ, ಅದೊಂದನ್ನೇ ಬೇಡುತ್ತಿದ್ದಾನೆ ಎಂದು ತಿಳಿದು ಕೇಳಿದಾಗ ಆ ಹಾಡು ಬರಿಯ ಮೋಹದ ಹಾಡಾಗಿ ಉಳಿಯುವುದಿಲ್ಲ. 2012ರ ಜನವರಿಯಲ್ಲಿ ನ್ಯೂಯಾರ್ಕಿನ ಅಪೊಲೋ ರಂಗಮಂದಿರದಲ್ಲಿ ಅಧ್ಯಕ್ಷ ಒಬಾಮಾ ಅದರ ಮೊದಲ ಸಾಲನ್ನು ಅದೇ ತೆಳುದನಿಯಲ್ಲಿ ಹಾಡಿದಾಗ ಸಭೆ ಕೇಕೆ ಹಾಕಿತು.

ಬಾನುಲಿಯವರಿಗೆ ಹತ್ತಿರದ ಒಂದು ಮಾತು. 1976ರಲ್ಲಿ ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದ ಬಾನುಲಿ ಕೇಂದ್ರದಲ್ಲಿ ಮೆಲ್ವಿನ್ ಲಿಂಡ್ಸೆ ಎಂಬ ವಿದ್ಯಾರ್ಥಿಯನ್ನು ಬದಲಿ ನಿರೂಪಕರಾಗಿ ಕೂರಿಸಿದರು. ಅವರು ಹಾಕಿದ್ದೆಲ್ಲ ನಿಧಾನಗತಿಯ ಪ್ರೇಮಗೀತೆಗಳು, ನಡುವೆ ಅಷ್ಟೇ ನಿಧಾನದ ನಾಲ್ಕು ಮಾತು. ಕೇಳುಗರು ಬಿಡಲಿಲ್ಲ. ಕೇಂದ್ರದ ಮುಖ್ಯಸ್ಥೆ ಕ್ಯಾಥಿ ಹ್ಯೂಸ್ ಅದನ್ನು ನಿತ್ಯದ ಕಾರ್ಯಕ್ರಮವಾಗಿಸಿದರು. ಗಾಯಕ ಸ್ಮೋಕಿ ರಾಬಿನ್ಸನ್ ಅವರ ಹಾಡಿನಿಂದ ಅದಕ್ಕೆ ‘ಮೌನ ಬಿರುಗಾಳಿ’ ಎಂಬರ್ಥದ ಹೆಸರು ಬಂತು. ಕೆಲವೇ ವರ್ಷಗಳಲ್ಲಿ ಊರೂರಿನ ಕೇಂದ್ರಗಳಲ್ಲಿ ರಾತ್ರಿಯ ಹೊತ್ತು ಅದೇ ಬಗೆ. ಹಗಲೆಲ್ಲ ಯಾರದೋ ಕಚೇರಿಯಲ್ಲಿ, ಯಾರದೋ ಗೇಟಿನಲ್ಲಿ ದುಡಿದು ಬಂದ ಗಂಡಸರು ಮನೆಯಲ್ಲಿ ದೀಪ ತಗ್ಗಿಸಿ ಕೂರುವ ಹೊತ್ತಿಗೆ ಅವರಂತೆಯೇ ಕಾಣುವ ಗಂಡಸೊಬ್ಬನ ದನಿ ಸುಮ್ಮನೆ ಪಕ್ಕದಲ್ಲಿರುತ್ತಿತ್ತು. ಲಿಂಡ್ಸೆ ಅವರನ್ನು 1992ರಲ್ಲಿ ಏಡ್ಸ್ ಒಯ್ದಾಗ ಅವರಿಗೆ 36 ವರ್ಷ.

ಇದೆಲ್ಲ ಸವಿಯ ಕತೆ ಎಂದುಕೊಳ್ಳಬಾರದು. ಈ ಬಗೆಯ ಹಾಡಿನ ದೊರೆಯಾಗಿದ್ದ ಮಾರ್ವಿನ್ ಗೇ ಅವರನ್ನು ಬಾಲ್ಯವಿಡೀ ಹೊಡೆದು ಬೆಳೆಸಿದ ತಂದೆಯೇ 1984ರ ಏಪ್ರಿಲ್ 1ರಂದು ಗುಂಡಿಟ್ಟು ಕೊಂದರು. ಮರುದಿನ ಮಗನಿಗೆ 45 ತುಂಬುತ್ತಿತ್ತು. ಆ ಪಿಸ್ತೂಲನ್ನು ತಂದೆಗೆ ಕೊಟ್ಟಿದ್ದವರೂ ಮಾರ್ವಿನ್ ಅವರೇ. ಇನ್ನು ಆರ್. ಕೆಲ್ಲಿ. ಅದೇ ರಾತ್ರಿಯ ಹಾಡುಗಳಿಂದ ಹೆಸರು ಮಾಡಿದ ಆ ಮನುಷ್ಯನಿಗೆ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಶೋಷಣೆಗಾಗಿ 2022ರಲ್ಲಿ 30 ವರ್ಷ ಜೈಲಾಯಿತು. ಇವನಿಗೆ ಮಾತ್ರ ನನ್ನ ಬಹುವಚನವಿಲ್ಲ. ಮೆಲುದನಿ ಬಲೆಯೂ ಆಗಬಲ್ಲದು. ಹಾಡಿನಲ್ಲಿ ಹೆಣ್ಣನ್ನು ಬೇಡಿಕೊಂಡವರೆಲ್ಲ ಮನೆಯಲ್ಲಿ ಅವಳ ಮಾತು ಕೇಳಿಸಿಕೊಂಡರೇ ಎಂಬುದು ಬೇರೆಯೇ ಪ್ರಶ್ನೆ.

ಹಾಗಾಗಿ ಹಾಡುಗಾರರನ್ನು ಬಿಟ್ಟು ಕ್ಷೌರದಂಗಡಿಗೆ ಬರುತ್ತೇನೆ. ಅಮೆರಿಕದ ಕಪ್ಪು ಗಂಡಸರಿಗೆ ಅದು ಹರಟೆಕಟ್ಟೆ, ಪಂಚಾಯಿತಿ, ಎಲ್ಲವೂ. ಒಬ್ಬ ಗಂಡಸು ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಒರಗಿಸುತ್ತಾನೆ. ಇನ್ನೊಬ್ಬ ಗಂಡಸು ಬಿಸಿ ಟವೆಲನ್ನು ಅವನ ಮುಖದ ಮೇಲೆ ಹಾಸಿ, ಗದ್ದವನ್ನು ಎರಡು ಬೆರಳಲ್ಲಿ ಎತ್ತಿ, ಗಂಟಲ ಮೇಲೆ ಕತ್ತಿ ಆಡಿಸುತ್ತಾನೆ. ಅಷ್ಟು ನಂಬಿಕೆಯ, ಅಷ್ಟು ಹಗುರವಾದ ಮುಟ್ಟುವಿಕೆ ಅವನಿಗೆ ಆ ವಾರದಲ್ಲಿ ಬೇರೆಲ್ಲಿ ಸಿಕ್ಕೀತು? ಪೊಲೀಸಿನವರ ಕೈಯಲ್ಲಂತೂ ಅಲ್ಲ. ವೈದ್ಯರೂ ಇದನ್ನು ಗಮನಿಸಿದರು. ಆಸ್ಪತ್ರೆಗೆ ಹೋಗಲು ಹಿಂಜರಿಯುವ ರಕ್ತದೊತ್ತಡದ ರೋಗಿಗಳನ್ನು ಅಂಗಡಿಯಲ್ಲೇ ಹಿಡಿಯುವ ಪ್ರಯೋಗವೊಂದು ಲಾಸ್ ಏಂಜಲೀಸ್ ಸೀಮೆಯಲ್ಲಿ ನಡೆಯಿತು. 52 ಅಂಗಡಿ, 319 ಗಂಡಸರು. ಔಷಧತಜ್ಞರು ಕ್ಷೌರದಂಗಡಿಗೇ ಬಂದು ಮದ್ದು ಕೊಟ್ಟವರಲ್ಲಿ ಆರು ತಿಂಗಳಲ್ಲಿ ಒತ್ತಡದ ಮೇಲಿನ ಅಂಕಿ ಸರಾಸರಿ 27 ಇಳಿಯಿತು. ಕ್ಷೌರಿಕ ಬರಿಯ ಬುದ್ಧಿಮಾತು ಹೇಳಿ ವೈದ್ಯರ ಬಳಿಗೆ ಕಳಿಸಿದವರಲ್ಲಿ ಇಳಿದದ್ದು ಸುಮಾರು 9. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಇಳಿಸಿದ್ದು ಮದ್ದು, ನಿಜ. ಆದರೆ ತೋಳು ಚಾಚಿ ‘ನೋಡಿ’ ಎನ್ನಲು ಅವರಿಗೆ ಧೈರ್ಯ ಕೊಟ್ಟದ್ದು ಆ ಕುರ್ಚಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ರಾಯಲ್ ಸ್ಟುಡಿಯೋದಲ್ಲಿ ಮೈಕುಗಳಿಗೆ ನಂಬರು ಹಚ್ಚಿದ್ದರು. ಒಂಬತ್ತನೆಯದು ಆಲ್ ಗ್ರೀನ್ ಅವರದು. ಆ ಮೈಕಿನ ಮುಂದೆ ನಿಂತು ಅವರು ಒಲ್ಲದ ಮನಸ್ಸಿನಿಂದ ದನಿ ತಗ್ಗಿಸಿದ ಆ ಹಾಡನ್ನು ಈಗ ಹಾಕುವಂತೆ ಕೇಂದ್ರದವರನ್ನು ಕೇಳಿಕೊಂಡಿದ್ದೇನೆ. ಮೂರು ನಿಮಿಷ ಚಿಲ್ಲರೆ, ಅಷ್ಟೇ. ನಿಮ್ಮ ರೇಡಿಯೋದ ದನಿಯನ್ನೂ ತುಸು ತಗ್ಗಿಸಿಕೊಳ್ಳಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಹತ್ತಿರಕ್ಕೆ ಕರೆಯಿರಿ.

ನಮಸ್ಕಾರ.